ಬೀದಿಯ ಪಾಲಿನ ತುತ್ತು

ಸಾಲೇಹಾ ನಾಟಕದವಳಲ್ಲ. ನಾಟಕದ ಹುಚ್ಚು ಇದ್ದದ್ದು ಅವಳ ಗಂಡ ವಾಹಿದನಿಗೆ. ಎಂಥ ಹುಚ್ಚೆಂದರೆ, ರಾಣೆಬೆನ್ನೂರಿನ ಕಾಲೇಜಿನಲ್ಲಿ ಹಚ್ಚಿಕೊಂಡ ಬಣ್ಣ ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸಿಗೆ ಬಂದು, ಕಾರಿನ ಗಾಜು ಕೂರಿಸುವ ಅಂಗಡಿ ಇಟ್ಟು, ತಲೆ ಅರ್ಧ ಬೆಳ್ಳಗಾದರೂ ಹೋಗಿರಲಿಲ್ಲ. ಗಿರಾಕಿಯ ಒಡೆದ ವಿಂಡ್‌ಶೀಲ್ಡ್ ಕೀಳುತ್ತ ದುರ್ಯೋಧನನ ಮಾತು ಒಪ್ಪಿಸುವ ಆಸಾಮಿ. ಪಾಪ, ಆ ಅಮೆರಿಕನ್ನರು ಇವನೇನೋ ತಮ್ಮನ್ನೇ ಬಯ್ಯುತ್ತಿದ್ದಾನೆ ಅಂದುಕೊಂಡು ಹಿಂದೆ ಸರಿಯುತ್ತಿದ್ದರು. ಮನೆಯಲ್ಲಿ ಗಂಡ ಹೆಂಡತಿಯ ಮಾತು ಉರ್ದು. ಖುಷಿ ಉಕ್ಕಿದರೆ, ಸಿಟ್ಟು ನೆತ್ತಿಗೇರಿದರೆ ಮಾತ್ರ ಕನ್ನಡ. ಹಾಗಿದ್ದೂ ಆ ಮನೆಯಲ್ಲಿ ಹೆಚ್ಚು ಕೇಳಿಸುತ್ತಿದ್ದದ್ದು ಕನ್ನಡವೇ.

ಡೆಟ್ರಾಯಿಟ್ ಕಡೆಯ ಕನ್ನಡದವರು ಕೂಡಿ ಆಡುವ ನಾಟಕಗಳಿಗೆಲ್ಲ ರವಿಶಂಕರ ಡೈರೆಕ್ಟರು. ಟ್ರಾಯ್‌ನಲ್ಲಿ ಮನೆ, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರು, ತುಮಕೂರಿನ ಲಿಂಗಾಯತರ ಮನೆಯವನು, ಮೊಟ್ಟೆಯ ವಾಸನೆ ಬಂದರೆ ಕಿಟಕಿ ತೆಗೆಯುವಷ್ಟು ಕಟ್ಟುನಿಟ್ಟು. ನ್ಯೂಯಾರ್ಕಿನ ಗೋಪುರಗಳು ಬಿದ್ದ ವಾರ ವಾಹಿದನ ಅಂಗಡಿಗೆ ಯಾರೋ ಕಲ್ಲು ಹೊಡೆದಾಗ ಮೊದಲು ಓಡಿಬಂದವನು ಇವನೇ. ಆಫೀಸಿಗೆ ರಜೆ ಹಾಕಿ, ಜೊತೆಗೆ ನಿಂತು ಗಾಜಿನ ಚೂರು ಗುಡಿಸಿದ. ಅವತ್ತಿನಿಂದ ಸಾಲೇಹಾ ಅವನನ್ನು ‘ರವಿ ಅಣ್ಣ’ ಅನ್ನುತ್ತಿದ್ದಳು. ಅವನ ಊಟಕ್ಕೆಂದೇ ಬೇರೆ ಪಾತ್ರೆ, ಬೇರೆ ಸೌಟು ತಂದಿಟ್ಟಿದ್ದಳು. ಆ ಪಾತ್ರೆಗೆ ಮನೆಯಲ್ಲಿ ಬೇರೆ ಯಾರೂ ಕೈ ಹಚ್ಚುವಂತಿರಲಿಲ್ಲ.

ಹೀಗೆ ಚೂರು ಗುಡಿಸಿದವನೇ ಒಳಗೊಳಗೆ ಹೊಟ್ಟೆ ಉರಿದುಕೊಳ್ಳುತ್ತಿದ್ದ ಅಂದರೆ ನಂಬುತ್ತೀರಾ? ನಾಟಕ ಮುಗಿದ ಮೇಲೆ ಜನ ಮುತ್ತಿಕೊಳ್ಳುತ್ತಿದ್ದದ್ದು ಡೈರೆಕ್ಟರನ್ನಲ್ಲ, ವಾಹಿದನನ್ನು. ‘ಸಾಬರಾದ್ರೂ ಏನು ಕನ್ನಡ ರೀ ಇವರದು!’ ಎಂದು ಹೆಂಗಸರು ಬಾಯಿ ಮೇಲೆ ಬೆರಳಿಡುತ್ತಿದ್ದರು. ‘ಸಾಬರಾದ್ರೂ’ ಎಂಬುದನ್ನು ನುಂಗಿಕೊಂಡು ವಾಹಿದ್ ಕೈ ಮುಗಿಯುತ್ತಿದ್ದ. ಪಕ್ಕದಲ್ಲಿ ರವಿಶಂಕರ ವೈರು ಸುತ್ತುತ್ತ ನಿಂತಿರುತ್ತಿದ್ದ.

ಎರಡು ಸಾವಿರದ ನಾಲ್ಕನೇ ಇಸವಿಯ ನಾಟಕ ಅವನ ಹೆಂಡತಿ ಚೇತನಾಳ ತಲೆಯಿಂದ ಬಂದದ್ದು. ಚೇತನಾ ಆನ್ ಆರ್ಬರ್‌ನಲ್ಲಿ ಪ್ರಾಚೀನ ಚರಿತ್ರೆ ಓದುತ್ತಿದ್ದಳು. ಅದೇ ಊರಿನಲ್ಲಿ ಸಾಲೇಹಾಳ ಒಬ್ಬಳೇ ಮಗಳು ಆಯತ್ ಕಾಲೇಜು ಹಾಸ್ಟೆಲಿನಲ್ಲಿದ್ದಳು. ಶುಕ್ರವಾರ ಅವಳನ್ನು ಮನೆಗೆ ಬಿಡಲು ಬಂದಾಗಲೆಲ್ಲ ಚೇತನಾ ಅಡುಗೆಮನೆಯಲ್ಲಿ ಕೂತು ಒಂದು ಚಹಾ ಕುಡಿದೇ ಹೋಗುತ್ತಿದ್ದಳು.

“ನಿಮ್ಮ ಬಡಾವಣೇಲಿ ಯಹೂದಿಗಳು ಡಿಸೆಂಬರ್‌ನಲ್ಲಿ ಕಿಟಕೀಲಿ ದೀಪ ಇಡ್ತಾರಲ್ಲ, ಅದು ಯಾಕೆ ಗೊತ್ತಾ?” ಎಂದು ಒಂದು ದಿನ ಕೇಳಿದಳು.

ಸಾಲೇಹಾಳಿಗೆ ಗೊತ್ತಿರಲಿಲ್ಲ. ಚೇತನಾ ಹೇಳಿದಳು. ಎರಡು ಸಾವಿರ ವರ್ಷಕ್ಕೂ ಹಿಂದೆ ಯೆರೂಸಲೇಮನ್ನು ಗ್ರೀಕ್ ದೊರೆಗಳು ಆಳುತ್ತಿದ್ದರು. ಆಂಟಿಯೋಕಸ್ ಎಂಬ ದೊರೆ ಸುನ್ನತಿ ಮಾಡಬಾರದು, ಶನಿವಾರದ ವ್ರತ ಆಚರಿಸಬಾರದು, ಧರ್ಮಗ್ರಂಥ ಇಟ್ಟುಕೊಳ್ಳಬಾರದು ಅಂದ. ಯಹೂದಿಗಳ ದೇವಾಲಯದಲ್ಲಿ ತನ್ನ ದೇವರು ಜ಼ೂಸ್‌ನನ್ನು ಕೂರಿಸಿ, ಅವರಿಗೆ ನಿಷಿದ್ಧವಾದ ಹಂದಿಯನ್ನೇ ಬಲಿ ಕೊಡಿಸಿದ. ಹಳ್ಳಿಯ ಪೂಜಾರಿಯೊಬ್ಬ ಮಕ್ಕಳನ್ನು ಕಟ್ಟಿಕೊಂಡು ದಂಗೆ ಎದ್ದ, ಆ ಮಕ್ಕಳು ಗೆದ್ದರು, ದೇವಾಲಯದಲ್ಲಿ ಮತ್ತೆ ದೀಪ ಹಚ್ಚಿದರು.

“ಗೆಲ್ಲದೇ ಇದ್ದಿದ್ರೆ? ಗ್ರೀಕರು ಅಲ್ಲೇ ನೂರಾರು ವರ್ಷ ಉಳಿದುಬಿಟ್ಟಿದ್ರೆ? ಅದೇ ನನ್ನ ಪೇಪರು,” ಎಂದಳು ಚೇತನಾ.

“ಎಲ್ಲರನ್ನೂ ಕೊಂದುಹಾಕ್ತಿದ್ರು.”

“ಇಲ್ಲ ಸಾಲೇಹಾ. ಕೊಲ್ಲೋದು ಹೊಸ ದೊರೆಗಳು. ಬಹಳ ದಿನ ಉಳಿಯೋವರು ಕೊಲ್ಲಲ್ಲ, ಹಬ್ಬ ಮಾಡಿಸ್ತಾರೆ.”

ಅವಳ ಕಲ್ಪನೆ ಹೀಗಿತ್ತು. ಪುರೋಹಿತರು ಗ್ರೀಕ್ ಹೆಸರು ಇಟ್ಟುಕೊಳ್ಳುತ್ತಾರೆ. ಹುಡುಗರು ಗರಡಿಮನೆಗೆ ಹೋಗುತ್ತಾರೆ. ಅಲ್ಲಿ ಬೆತ್ತಲೆ ಕುಸ್ತಿಯಾದ್ದರಿಂದ ಸುನ್ನತಿ ಮರೆಯಾಗುತ್ತದೆ. ಗ್ರಂಥಗಳನ್ನು ಸುಟ್ಟಿರುವುದರಿಂದ ಓದುವವರಿಲ್ಲ. ವರ್ಷಕ್ಕೊಮ್ಮೆ ದೊರೆಯ ಹುಟ್ಟುಹಬ್ಬದ ದಿನ ಪ್ರತಿ ಬೀದಿಯ ಹಿರಿಯನೊಬ್ಬ ಚೌಕದಲ್ಲಿ ನಿಂತು ಬಲಿಯ ಹಂದಿಮಾಂಸದ ಮೂರು ತುತ್ತು ತಿನ್ನಬೇಕು: ದೊರೆಗೊಂದು, ಬೀದಿಗೊಂದು, ತನಗೊಂದು. ತಿಂದರೆ ಆ ಬೀದಿಯ ಸುದ್ದಿಗೆ ವರ್ಷವಿಡೀ ಯಾರೂ ಬರುವುದಿಲ್ಲ. ಬೀದಿಯ ಅಡುಗೆಯ ಹೆಂಗಸು ಗುಟ್ಟಾಗಿ ಹಂದಿಯ ಬದಲು ಮೇಕೆಯ ಮಾಂಸ ಬೇಯಿಸಿ ಕೊಡುತ್ತಾಳೆ. ಹೀಗೆ ಇನ್ನೂರು, ಮುನ್ನೂರು ವರ್ಷ. ಕೊನೆಗೆ ಯಹೂದಿ ಧರ್ಮದಲ್ಲಿ ದೇವಾಲಯವಿಲ್ಲ, ಗ್ರಂಥವಿಲ್ಲ, ಗುರುವಿಲ್ಲ. ಉಳಿದದ್ದು ಆ ಮಾಂಸ ಬದಲಿಸುವ ಕೈ ಒಂದೇ. ಅದನ್ನು ತಾಯಿ ಮಗಳಿಗೆ ಕಲಿಸುತ್ತಾಳೆ. ಅಡುಗೆಯವಳೇ ಪುರೋಹಿತೆ, ಗುಟ್ಟೇ ಪೂಜೆ.

ಸಾಲೇಹಾ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ ಕೇಳಿದಳು, “ಹಾಗಾದ್ರೆ ಈಸಾ ನಬಿ, ಯೇಸು ಅಂತಾರಲ್ಲ, ಅವರು ಎಲ್ಲಿ ಹುಟ್ಟುತ್ತಿದ್ರು? ನಾವೆಲ್ಲಿರ್ತಿದ್ವಿ?”

“ನೀವೂ ಇಲ್ಲ, ಕ್ರೈಸ್ತರೂ ಇಲ್ಲ. ಅಥವಾ ಇರ್ತಿದ್ರೇನೋ, ಬೇರೆ ಏನೋ ಆಗಿ.”

“ಅಸ್ತಗ್‌ಫಿರುಲ್ಲಾ! ಚಹಾ ಕುಡಿ ಸುಮ್ನೆ,” ಎಂದು ಸಾಲೇಹಾ ನಕ್ಕುಬಿಟ್ಟಳು. ಆದರೆ ಆ ಅಡುಗೆಯ ಹೆಂಗಸು ಅವಳಿಗೆ ಹಿಡಿಸಿದ್ದಳು.

ರವಿಶಂಕರ ಇದನ್ನೇ ನಾಟಕ ಮಾಡಿದ. ಅವನ ಕಥೆಯಲ್ಲಿ ಒಬ್ಬ ಗ್ರೀಕ್ ಅಧಿಕಾರಿಗೆ ಗುಟ್ಟು ತಿಳಿಯುತ್ತದೆ. ಅವನು ಸುಮ್ಮನೆ ತಟ್ಟೆಯನ್ನು ಮತ್ತೆ ಬದಲಿಸುತ್ತಾನೆ. ಹಿರಿಯ ಮೊದಲ ತುತ್ತು ಬಾಯಿಗಿಟ್ಟ ಕೂಡಲೇ ಇದು ಹಂದಿ ಎಂದು ತಿಳಿಯುತ್ತಾನೆ. ಉಗುಳಿದರೆ ಇಷ್ಟು ಕಾಲದ ಮೋಸ ಬಯಲಾಗಿ ಬೀದಿಯ ಹೆಂಗಸರೆಲ್ಲ ಸಾಯಬೇಕು. ಅದಕ್ಕೆ ಗೊತ್ತಿದ್ದೂ ಗೊತ್ತಿದ್ದೂ ಉಳಿದೆರಡು ತುತ್ತನ್ನು ನಗುತ್ತ ತಿನ್ನುತ್ತಾನೆ. ಆ ಹಿರಿಯನ ಪಾರ್ಟು ವಾಹಿದನದು. ನಾಟಕವೆಲ್ಲ ನಿಂತಿದ್ದದ್ದು ಆ ಮೊದಲ ತುತ್ತಿನ ಮುಖದ ಮೇಲೆ.

ಆ ಮುಖವೇ ಬರಲಿಲ್ಲ, ನೋಡಿ.

ಬೇಸಿಗೆಯಿಡೀ ರವಿಶಂಕರನ ಬೇಸ್‌ಮೆಂಟಿನಲ್ಲಿ ತಾಲೀಮು. ತಟ್ಟೆಗೆ ಸಾಲೇಹಾಳ ಮಟನ್. ಡಿಯರ್‌ಬಾರ್ನಿನ ಹಲಾಲ್ ಅಂಗಡಿಯಿಂದ ತಂದು, ಪಟ್ಟಿ ಪಟ್ಟಿಯಾಗಿ ಕೊಯ್ದು, ಮೆಣಸು ಕೊತ್ತಂಬರಿಯ ಮಸಾಲೆಯಲ್ಲಿ ಹುರಿದದ್ದು. ಅವಳು ಡಬ್ಬಿ ತೆರೆದರೆ ರವಿಶಂಕರ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ.

“ಹಲ್ಲುನೋವು ಬಂದೋನ ಥರ ಮುಖ ಮಾಡ್ತೀಯಲ್ಲೋ ವಾಹಿದ್! ನಿನ್ನ ಜನ್ಮಾನೇ ಹಾಳಾಗ್ತಿದೆ ಈಗ, ಗೊತ್ತಾಗ್ತಿದೆಯಾ?”

“ಏ ರವಿ, ನಾ ಯಾವಾಗರ ಹಂದಿ ತಿಂದೇನೇನೋ? ಗೊತ್ತಿಲ್ಲದ್ದನ್ನ ಗೊತ್ತಾತು ಅಂತ ಹೆಂಗ ತೋರಸ್ಲಿ?”

ಎಲ್ಲರೂ ಬಿದ್ದು ಬಿದ್ದು ನಕ್ಕರು. ರವಿಶಂಕರ ನಗಲಿಲ್ಲ.

ಸೆಪ್ಟೆಂಬರಿನ ಲೇಬರ್ ಡೇ ರಜೆಯಲ್ಲಿ ಶಿಕಾಗೋ ಕಡೆಯ ಒಂದು ದೊಡ್ಡ ಹೋಟೆಲಿನಲ್ಲಿ ಕನ್ನಡದವರ ಸಮಾವೇಶ, ನಾಟಕ ಸ್ಪರ್ಧೆ. ತೀರ್ಪುಗಾರರಾಗಿ ಬೆಂಗಳೂರಿನಿಂದ ರಂಗಭೂಮಿಯ ಹಿರಿಯರೊಬ್ಬರು ಬಂದಿದ್ದರು. ಎರಡು ಮನೆಯವರೂ ರವಿಶಂಕರನ ವ್ಯಾನಿನಲ್ಲೇ ಹೊರಟರು. ಸಾಲೇಹಾ ಹುರಿದ ಮಟನ್ನನ್ನು ಐಸಿನ ಪೆಟ್ಟಿಗೆಯಲ್ಲಿಟ್ಟು ಕಾಲ ಬಳಿಯೇ ಇಟ್ಟುಕೊಂಡಳು.

ನಾಟಕದ ಸಂಜೆ ಅವಳದು ಒಂದೇ ಕೆಲಸ: ಕೊನೆಯ ದೃಶ್ಯಕ್ಕೆ ಮೊದಲು ತಟ್ಟೆ ಜೋಡಿಸಿ ಕೊಡುವುದು. ಆದರೆ ರವಿಶಂಕರ, “ನಾನೇ ನೋಡ್ಕೋತೀನಿ, ನೀವು ಹೋಗಿ ಕೂತು ನಾಟಕ ನೋಡಿ,” ಅಂದ. ಮಾಂಸದ ಡಬ್ಬಿ ಕಂಡರೆ ಗೋಡೆ ನೋಡುವವನು ತಾನೇ ತಟ್ಟೆ ಜೋಡಿಸುತ್ತಾನಂತೆ! ಆಗಲೇ ಅವಳಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ರವಿ ಅಣ್ಣ ಎಷ್ಟು ಒಳ್ಳೆಯವನು, ತನಗೋಸ್ಕರ ಮಾಂಸವನ್ನೂ ಮುಟ್ಟುತ್ತಿದ್ದಾನಲ್ಲ ಅಂದುಕೊಂಡಳು. ಕೊನೆಯ ದೃಶ್ಯ ಹತ್ತಿರ ಬಂದಾಗ ಮಾತ್ರ ಅವಳ ಜೀವ ತಡೆಯಲಿಲ್ಲ, ಬಿಸಿ ಮಾಡಿದ್ದಾನೋ ಇಲ್ಲವೋ ನೋಡೋಣವೆಂದು ಮೇಕಪ್ ಕೋಣೆಗೆ ಬಂದಳು.

ಅಲ್ಲಿ ಕಸದ ಬುಟ್ಟಿಯಲ್ಲಿ ಅವಳ ಮಟನ್ ಬಿದ್ದಿತ್ತು. ಮೇಲಿನ ಮಸಾಲೆಯನ್ನೆಲ್ಲ ಕೆರೆದು ತೆಗೆದು, ಪೇಪರ್ ನ್ಯಾಪ್ಕಿನ್ನಿನಲ್ಲಿ ಸುತ್ತಿ ಎಸೆದಿದ್ದರು. ಬೇಸಿನ್ನಿನ ಪಕ್ಕ ಒಂದು ಥರ್ಮೋಕೋಲ್ ಡಬ್ಬಿ, ಬೆಳಗಿನ ತಿಂಡಿಯ ಹಾಲಿನಲ್ಲಿ ಇಟ್ಟಿದ್ದಂಥದ್ದು. ಒಳಗೆ ಅಂಚು ಸುರುಳಿಯಾದ ಒಂದು ಕೆಂಪು ಪಟ್ಟಿ ಉಳಿದಿತ್ತು. ಬಿಳಿ ಕೊಬ್ಬಿನ ಗೆರೆ ಇದ್ದ ಪಟ್ಟಿ, ಮೇಲೆ ಅವಳದೇ ಮಸಾಲೆ. ಬೆಳಿಗ್ಗೆ ತಿಂಡಿಯ ಸಾಲಿನಲ್ಲಿ ಆ ಸ್ಟೀಲ್ ಟ್ರೇ ಬಂದಾಗ ಕನ್ನಡದವರೆಲ್ಲ ಮೂಗು ಮುಚ್ಚಿಕೊಂಡು ದಾಟಿದ್ದರು. ಟ್ರೇಯ ಮೇಲೆ ‘ಪೋರ್ಕ್ ಬೇಕನ್’ ಎಂದು ಬರೆದಿತ್ತು, ಎಲ್ಲರೂ ಓದಿದ್ದರು.

ಸಾಲೇಹಾ ಪರದೆಯ ಪಕ್ಕಕ್ಕೆ ಓಡಿದಳು. ಅಲ್ಲಿ ಚೇತನಾ ನಿಂತಿದ್ದಳು. ಸಾಲೇಹಾಳನ್ನು ನೋಡಿದ್ದೇ ತಡ ಅವಳ ಮೊಣಕೈ ಹಿಡಿದುಕೊಂಡಳು.

“ನಿನಗೆ ಗೊತ್ತಿತ್ತಾ?”

“ಬೆಳಿಗ್ಗೆ ಹೇಳಿದ. ನಾನು ಬೇಡ ಅಂದೆ ಸಾಲೇಹಾ, ಆಣೆ ಮಾಡ್ತೀನಿ. ಒಂದು ತುತ್ತು ಬಾಯಿಗಿಟ್ರೆ ಸಾಕು, ಅಸಲಿ ಮುಖ ಬರುತ್ತೆ, ಉಗುಳಲಿ ಬೇಕಾದ್ರೆ ಅಂದ.”

ವೇದಿಕೆಯ ಮೇಲೆ ವಾಹಿದ್ ಆಗಲೇ ಬಿಸ್ಮಿಲ್ಲಾ ಅಂದುಕೊಂಡಂತೆ ತುಟಿ ಅಲುಗಿಸಿ ಮೊದಲ ತುತ್ತನ್ನು ಬಾಯಿಗೆ ಹಾಕಿಕೊಂಡಿದ್ದ.

ಕೂಗಬೇಕೆಂದು ಸಾಲೇಹಾ ಬಾಯಿ ತೆರೆದಳು. ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಅಲ್ಲೇ ಅವಳಿಗೆ ಇನ್ನೊಂದು ಹೊಳೆಯಿತು, ಹೊಳೆಯದೇ ಇದ್ದಿದ್ದರೆ ಚೆನ್ನಾಗಿತ್ತು. ಗೊತ್ತಿಲ್ಲದೆ ತಿಂದವನಿಗೆ ಪಾಪವಿಲ್ಲ. ಈಗ ಕೂಗಿದರೆ ಎರಡು ತುತ್ತು ತಪ್ಪುತ್ತದೆ, ಆದರೆ ಒಂದು ಒಳಗೆ ಹೋಗಿದ್ದು ಅವನಿಗೆ ತಿಳಿಯುತ್ತದೆ. ಐದು ಹೊತ್ತಿನ ನಮಾಜು ಬಿಡದವನು, ಬಿಸ್ಕತ್ತಿನ ಪೊಟ್ಟಣದ ಹಿಂದೆ ಬರೆದದ್ದನ್ನು ಕನ್ನಡಕ ಹಾಕಿಕೊಂಡು ಓದಿ ತಿನ್ನುವವನು. ತಿಳಿದ ಮೇಲೆ ಸಾಯುವ ತನಕ ತನ್ನ ಬಾಯಿಯನ್ನು ತಾನೇ ಹೇಸಿಕೊಳ್ಳುತ್ತಾನೆ. ಸುಮ್ಮನಿದ್ದರೆ ಮೂರೂ ಹೋಗುತ್ತದೆ, ಆದರೆ ಅವನು ಹೇಗಿದ್ದನೋ ಹಾಗೇ ಇರುತ್ತಾನೆ. ಒಂದು ತುತ್ತಿನ ಮಾನ ಉಳಿಸಲು ಇನ್ನೆರಡು ತಿನ್ನಿಸಬೇಕು.

ಅವಳು ಬಾಯಿ ಮುಚ್ಚಿಕೊಂಡಳು. ವಾಹಿದ್ ಎರಡನೆಯದನ್ನು ತಿಂದ. ಮೂರನೆಯದನ್ನು, ರುಚಿ ಹತ್ತಿದವನಂತೆ, ಸ್ವಲ್ಪ ದೊಡ್ಡದಾಗಿಯೇ ಮುರಿದುಕೊಂಡ.

ಮತ್ತೆ ಆ ಮುಖ? ಅದೇ ಹಲ್ಲುನೋವಿನ ಮುಖ. ಎದುರಿನ ಪರದೆಯ ಸಂದಿಯಲ್ಲಿ ಕತ್ತು ಚಾಚಿ ಕಾಯುತ್ತಿದ್ದ ರವಿಶಂಕರನ ಕಣ್ಣಿಗೆ ಬೇಸಿಗೆಯಿಡೀ ಕಂಡದ್ದೇ ಮತ್ತೆ ಕಂಡಿತು. ತಿಂದವನಿಗೆ ತಿಂದದ್ದೇನೆಂದು ತಿಳಿಯಲೇ ಇಲ್ಲ! ಹುಟ್ಟಿದಾರಭ್ಯ ಆ ರುಚಿ ಕಾಣದ ಮನುಷ್ಯನಿಗೆ ಅದರ ಗುರುತು ಹೇಗೆ ಸಿಗಬೇಕು? ಇಷ್ಟು ಸಣ್ಣ ವಿಷಯ ಆ ಎಂಜಿನಿಯರನ ತಲೆಗೆ ಹೋಗಿರಲಿಲ್ಲ. ಮಾಂಸವನ್ನೇ ತಿನ್ನದವನು, ಹಂದಿಯೆಂದರೆ ನಾಲಿಗೆಗೆ ಬೆಂಕಿ ತಾಗಿದಂತೆ ಇರುತ್ತದೆ ಅಂದುಕೊಂಡಿದ್ದ.

ಹಿರಿಯ ತೀರ್ಪುಗಾರರು ವಾಹಿದನಿಗೇ ಉತ್ತಮ ನಟ ಎಂದು ಪ್ರಶಸ್ತಿ ಕೊಟ್ಟರು. ‘ಆ ಮೂರನೇ ತುತ್ತನ್ನು ತಿಂದ ಬಗೆ ನೋಡಿ,’ ಎಂದು ಮೈಕಿನಲ್ಲಿ ಹೊಗಳಿದರು. ಉತ್ತಮ ನಿರ್ದೇಶನ ಬೇರೆ ಊರಿನ ತಂಡದ ಪಾಲಾಯಿತು.

ಕಾರಿಡಾರಿನಲ್ಲಿ ಸಾಲೇಹಾ ರವಿಶಂಕರನನ್ನು ಅಡ್ಡಗಟ್ಟಿದಳು. “ನಿಮ್ಮ ತಟ್ಟೆಗೆ ನಾನು ಯಾವತ್ತಾದ್ರೂ ಒಂದು ಎಲುಬಿನ ಚೂರು ಬೀಳಿಸಿದೀನಾ ರವಿ ಅಣ್ಣ? ನಿಮಗೆ ಅಂತ ಬೇರೆ ಸೌಟು ಇಟ್ಟಿದೀನಲ್ಲ!”

ಅವನು ಒಂದು ಗಳಿಗೆ ನೆಲ ನೋಡಿದ. ನಾಚಿಕೆಯಾಯಿತು ಅಂದುಕೊಳ್ಳಬೇಡಿ. “ಅದು ಬೇರೆ. ಇದು ಕಲೆ. ನಿಮಗೆ ಅರ್ಥ ಆಗಲ್ಲ,” ಅಂದ. ಆಮೇಲೆ ಹಾಲಿನ ಕಡೆ ನೋಡಿದ. ಅಲ್ಲಿ ವಾಹಿದನ ಸುತ್ತ ಜನ ನೆರೆದಿದ್ದರು. “ಈಗಲೇ ಹೋಗಿ ಹೇಳಿದ್ರೆ? ಆಗಾದ್ರೂ ಬರಬಹುದು ಆ ಮುಖ.”

ಸಾಲೇಹಾ ಎರಡೂ ಕೈ ಜೋಡಿಸಿದಳು. ಅವಳು ಯಾವ ಮನುಷ್ಯನ ಮುಂದೆಯೂ ಹಾಗೆ ಕೈ ಜೋಡಿಸಿದವಳಲ್ಲ. “ಬೇಡ. ನಿಮ್ಮ ಕಾಲಿಗೆ ಬೀಳ್ತೀನಿ, ಅವರಿಗೆ ಹೇಳಬೇಡಿ.”

ಆ ಜೋಡಿಸಿದ ಕೈ ನೋಡಿ ಅವನ ಮುಖದಲ್ಲಿ ಒಂದು ಸಮಾಧಾನ ಬಂತು. ಪ್ರಶಸ್ತಿ ಸಿಗದವನಿಗೆ ಏನೋ ಒಂದು ಸಿಕ್ಕಿತು.

ಮರುದಿನ ಅದೇ ವ್ಯಾನಿನಲ್ಲಿ ವಾಪಸು. ಗ್ಯಾರಿ ಊರು ದಾಟಿ ಮಿಶಿಗನ್ನಿಗೆ ಬರುವ ತನಕ ವಾಹಿದನ ಬಾಯಿ ನಿಲ್ಲಲಿಲ್ಲ. ತೊಡೆಯ ಮೇಲೆ ಟ್ರೋಫಿ, ಹಿಂದಕ್ಕೆ ತಿರುಗಿ ಹೆಂಡತಿಗೆ ಹೇಳಿದ: “ಸಾಲೇಹಾ, ನಿನ್ನೆ ಅದರಾಗ ಏನ್ ಹಾಕಿದ್ದಿ? ಹೊಗಿ ಹೊಗಿ ವಾಸನಿ, ತುಸು ಸಿಹಿ... ಇಂಥಾ ಕೈರುಚಿ ಇಷ್ಟ್ ದಿನ ಎಲ್ಲಿಟ್ಟಿದ್ದಿ?”

ಕನ್ನಡಿಯಲ್ಲಿ ರವಿಶಂಕರನ ಕಣ್ಣು ಅವಳನ್ನೇ ನೋಡುತ್ತಿತ್ತು.

“ಮಸಾಲೆ ಹೊಸದು,” ಅಂದಳು ಸಾಲೇಹಾ.

“ಹಬ್ಬಕ್ಕ ಅದನ್ನ ಮಾಡು. ಮಸೀದಿ ಮಂದೀನೂ ಕರೀತೀನಿ. ರವಿ, ನೀನೂ ಬಾರೋ.”

“ಬರದೇ ಇರ್ತೀನಾ?” ಅಂದ ರವಿಶಂಕರ.

ಅಲ್ಲಿಂದ ಶುರುವಾಯಿತು ಅವಳ ಗೋಳು. ವಾಹಿದ್ ವಾರಕ್ಕೊಮ್ಮೆ ‘ಆ ಮಟನ್’ ಕೇಳುತ್ತಿದ್ದ. ಅವಳು ಏಲಕ್ಕಿ ಹಾಕಿ ನೋಡಿದಳು, ಇದ್ದಿಲ ಹೊಗೆ ಕೊಟ್ಟು ನೋಡಿದಳು, ಬೆಲ್ಲ ಸವರಿ ನೋಡಿದಳು. ಅವನು ಒಂದು ಚೂರು ಬಾಯಿಗಿಟ್ಟು, “ಚೊಲೋ ಅದ, ಆದ್ರ ಅದಲ್ಲ ಬಿಡು,” ಅನ್ನುತ್ತಿದ್ದ. ಒಮ್ಮೆ ಅಂದ, “ಅವತ್ತಿಂದು ನೀ ಮಾಡಿದ್ದಲ್ಲ ಅನಸ್ತದ. ತಟ್ಟಿ ತಂದಾಂವ ರವಿ. ಅವನ್ನ ಕೇಳಿದ್ರಾತು.”

ಸಾಲೇಹಾ ಸೌಟು ಕೆಳಗಿಟ್ಟಳು. “ನಾನೇ ಮಾಡಿದ್ದು. ಅವರನ್ನೇನು ಕೇಳ್ತೀರಾ? ಹಬ್ಬಕ್ಕೆ ಮಾಡ್ತೀನಿ, ನೋಡಿ ಬೇಕಾದ್ರೆ.”

ಮಾರನೇ ದಿನವೇ ಚೇತನಾ ಫೋನ್ ಮಾಡಿದಳು. ಸಣ್ಣ ಧ್ವನಿಯಲ್ಲಿ ಹೇಳಿದಳು, “ಹಬ್ಬದ ಊಟದ ಹೊತ್ತಿಗೆ ಎಲ್ಲರ ಮುಂದೆ ಹೇಳಿಬಿಡ್ತಾನಂತೆ ಸಾಲೇಹಾ. ತಮಾಷೆ ಥರ. ಆ ಮುಖ ಒಂದು ಸಲ ನೋಡಲೇಬೇಕಂತೆ. ಎಷ್ಟು ಹೇಳಿದ್ರೂ ಕೇಳ್ತಿಲ್ಲ.”

“ನೀನು ಅವತ್ತು ನನ್ನ ಕೈ ಹಿಡಿದುಕೊಳ್ಳೋ ಬದಲು ಅವನ ಕೈ ಹಿಡಿಬೇಕಿತ್ತು,” ಎಂದು ಸಾಲೇಹಾ ಫೋನ್ ಇಟ್ಟಳು. ಚೇತನಾ ಅತ್ತಳಂತೆ. ಅಳಲಿ, ಅಳದೆ ಏನು ಮಾಡುತ್ತಾಳೆ.

ಅವನು ಹೇಳುವುದಂತೂ ಖಂಡಿತ. ಬಾಯಿ ಮುಚ್ಚಿಸಲು ಆಗುವುದಿಲ್ಲ. ಹೇಳಿದ್ದನ್ನು ಯಾರೂ ನಂಬದ ಹಾಗೆ ಮಾಡಬಹುದು, ಅಷ್ಟೇ. ಅದೇ ರುಚಿಯ ಮಟನ್ ಅವಳ ಒಲೆಯಿಂದ, ಹಬ್ಬದ ದಿನ, ಮಸೀದಿಯವರ ತಟ್ಟೆಗೆ ಬಿದ್ದರೆ, ಅವತ್ತಿನದೂ ಅವಳ ಮಟನ್ನೇ ಎಂದು ವಾಹಿದನ ನಾಲಿಗೆಯೇ ಸಾಕ್ಷಿ ಹೇಳುತ್ತದೆ. ಆದರೆ ಆ ರುಚಿ ಯಾವುದು? ಅವಳಿಗೆ ಗೊತ್ತಿಲ್ಲ. ಹೇಳಿಕೊಡುವವರಿಲ್ಲ. ಕಾಣದ ರುಚಿಯನ್ನು ಯಾವ ಅಡುಗೆಯವಳೂ ಮಾಡಲಾರಳು.

ರಂಜಾನ್ ಶುರುವಾಗುವುದಕ್ಕೆ ಮೊದಲಿನ ಒಂದು ಬೆಳಿಗ್ಗೆ ಅವಳು ಕಾರು ತೆಗೆದು ಹೆದ್ದಾರಿ ಹಿಡಿದಳು. ಪರಿಚಯದವರು ಇಳಿಯದ ಎಕ್ಸಿಟ್ ಬರುವ ತನಕ ಡ್ರೈವ್ ಮಾಡಿದಳು. ಒಂದು ಸಣ್ಣ ಹೋಟೆಲು, ಲಾರಿಯವರು ತಿಂಡಿ ತಿನ್ನುವಂಥದ್ದು. ಒಳಗೆ ಹೋಗುವ ಮುಂಚೆ ತಲೆಯ ದುಪಟ್ಟಾ ತೆಗೆದು ಸೀಟಿನ ಮೇಲೆ ಮಡಿಸಿಟ್ಟಳು. ಬಡಿಸುವ ಹೆಂಗಸು ಅಕ್ಕರೆಯಿಂದ ‘ಹನಿ’ ಎಂದು ಕರೆದು ಕಾಫಿ ಸುರಿದಳು. ಸಾಲೇಹಾ ಮೆನು ಕಾರ್ಡಿನಲ್ಲಿ ಬೆರಳಿಟ್ಟು ತೋರಿಸಿದಳು, ಆ ಶಬ್ದವನ್ನು ಬಾಯಲ್ಲಿ ಹೇಳಲು ಆಗಲಿಲ್ಲ.

ತಟ್ಟೆ ಬಂದಾಗ ಅವಳಿಗೆ ಬಿಸ್ಮಿಲ್ಲಾ ಅನ್ನುವ ಅಭ್ಯಾಸ ಬಾಯಿಗೆ ಬಂತು, ತಡೆದುಕೊಂಡಳು. ಅಗಿದಳು. ಮೊದಲು ಉಪ್ಪು, ಹಿಂದೆಯೇ ಹೊಗೆ, ಆಮೇಲೆ ತಳದಲ್ಲಿ ಒಂದು ಸಿಹಿ. ಕೊಬ್ಬು ಅಂಚಿನಲ್ಲಿ ಗರಿಗರಿ, ನಡುವೆ ಮೆತ್ತಗೆ. ಒಂದರಿಂದ ತಿಳಿಯಲಿಲ್ಲ, ಎರಡನೆಯದನ್ನೂ ತಿಂದಳು. ಗಂಡ ಗೊತ್ತಿಲ್ಲದೆ ತಿಂದಿದ್ದ, ಅವನಿಗೆ ಮಾಫಿ ಉಂಟು. ಇವಳು ಗೊತ್ತಿದ್ದು ತಿನ್ನುತ್ತಿದ್ದಳು, ರುಚಿ ನೋಡಿ ನೋಡಿ ತಿನ್ನುತ್ತಿದ್ದಳು. ವಾಂತಿಯಾಗುತ್ತದೆ ಅಂದುಕೊಂಡಿದ್ದಳು, ಆಗಲಿಲ್ಲ. ಚೆನ್ನಾಗಿತ್ತು. ಹಾಳಾದ್ದು, ಚೆನ್ನಾಗಿತ್ತು! ಅವಳು ಕಾರಿನಲ್ಲಿ ಕೂತು ಹುಚ್ಚಿಯ ಹಾಗೆ ಅತ್ತದ್ದು ಅದಕ್ಕೆ.

ನವೆಂಬರಿನಲ್ಲಿ ಈದ್ ಬಂತು. ವಾಹಿದನ ಕೈಲೇ ಹಲಾಲ್ ಅಂಗಡಿಯಿಂದ ಕೊಬ್ಬಿರುವ ಕುರಿಮಾಂಸ ತರಿಸಿ, ತೆಳ್ಳಗೆ ಕೊಯ್ಯಿಸಿ, ಉಪ್ಪು, ಕಂದು ಸಕ್ಕರೆ, ಬಾಟಲಿಯಲ್ಲಿ ಸಿಗುವ ಹೊಗೆಯ ಎಸೆನ್ಸು ಹಾಕಿ ಎರಡು ದಿನ ನೆನೆಸಿ, ಮೇಲೆ ತನ್ನ ಹಳೆಯ ಮಸಾಲೆ ಸವರಿ ಹುರಿದಳು. ಒಲೆಯ ಮುಂದೆ ಒಂದು ಚೂರು ಬಾಯಿಗಿಟ್ಟು ನೋಡಿದಳು. ಅದೇ. ಕೂದಲೆಳೆಯ ವ್ಯತ್ಯಾಸವಿಲ್ಲ.

ಊಟಕ್ಕೆ ಮಸೀದಿಯ ಮೂರು ಮನೆಯವರು, ರವಿಶಂಕರ, ಚೇತನಾ, ಆನ್ ಆರ್ಬರ್‌ನಿಂದ ಬಂದ ಆಯತ್. ರವಿಶಂಕರನ ಪಾತ್ರೆಯಲ್ಲಿ ಅವನಿಗೆಂದೇ ಪಲಾವು ಮಾಡಿಟ್ಟಿದ್ದಳು, ಅವನ ಸೌಟೂ ಅದರಲ್ಲೇ ಇತ್ತು. ವಾಹಿದ್ ಮೊದಲ ಚೂರು ಬಾಯಿಗಿಟ್ಟ. ಕಣ್ಣು ಮುಚ್ಚಿದ. ಮೇಜು ಗುದ್ದಿದ.

“ಇದ! ಇದನ್ನ ನಾ ಇಷ್ಟ್ ದಿನ ಕೇಳಿದ್ದು! ತಿನ್ರಿ, ಎಲ್ಲಾರೂ ತಿನ್ರಿ!”

ರವಿಶಂಕರ ನೀರು ಕುಡಿದು ಲೋಟ ಕೆಳಗಿಟ್ಟ. ಚೇತನಾ ಅವನ ತೋಳು ಹಿಡಿದಳು; ಕೊಡವಿಕೊಂಡ. “ವಾಹಿದ್, ಶಿಕಾಗೋದಲ್ಲಿ ಅವತ್ತು ನೀನು ತಿಂದಿದ್ದು ಏನು ಗೊತ್ತಾ? ಅಸಲಿ ಹಂದಿ ಕಣೋ. ಹೋಟೆಲ್ ತಿಂಡಿ ಟ್ರೇದು. ನಾನೇ ಹಾಕಿದ್ದು.”

ಹೇಳಿದವನ ಕಣ್ಣು ವಾಹಿದನ ಮುಖ ಬಿಟ್ಟು ಕದಲಲಿಲ್ಲ. ಮಸೀದಿಯವರ ಕೈ ತಟ್ಟೆಯಲ್ಲೇ ನಿಂತವು.

ವಾಹಿದ್ ಅವನನ್ನೇ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. “ಏ ಮಗನ, ಹಂಗಾದ್ರ ಇದೂ ಹಂದೀನ ಏನ? ಎರಡೂ ಒಂದ ರುಚಿ! ಇದನ್ನ ಕೊಯ್ಸಿ ತಂದಾಂವ ನಾನ, ಡಿಯರ್‌ಬಾರ್ನಿಂದ. ಸೊಪ್ಪು ತಿನ್ನಾಂವ, ನಿನಗೇನ್ ಗೊತ್ತೋ ಮಾಂಸದ ವಿಚಾರ? ಪ್ರಶಸ್ತಿ ಬರ್ಲಿಲ್ಲ ಅಂತ ಹೊಟ್ಟಿಕಿಚ್ಚು ನೋಡ್ರಿ ಇವಂಗ!”

ಎಲ್ಲರೂ ನಕ್ಕರು. ಮಸೀದಿಯವರ ಕೈ ಮತ್ತೆ ಚುರುಕಾದವು. ರವಿಶಂಕರ ಇನ್ನೊಮ್ಮೆ ಹೇಳಲು ಬಾಯಿ ತೆರೆದ. ನಗುವ ಜನರನ್ನು ನೋಡಿ ಮುಚ್ಚಿದ. ಗೆದ್ದೆ ಎಂದು ಸಾಲೇಹಾ ಅಂದುಕೊಂಡಳು. ಮಗಳ ತಟ್ಟೆಗೆ ಬಡಿಸಲು ತಿರುಗಿದಳು.

ಆಯತ್ ಆಗತಾನೇ ಮೊದಲ ಚೂರು ಬಾಯಿಗಿಟ್ಟಿದ್ದಳು. ಅಗಿಯುತ್ತಿದ್ದ ದವಡೆ ನಿಂತಿತು. ಹುಬ್ಬು ಮೇಲಕ್ಕೆ ಹೋಯಿತು, ಮುಖದ ರಕ್ತವೆಲ್ಲ ಇಳಿಯಿತು, ಕಣ್ಣು ನೇರವಾಗಿ ತಾಯಿಯ ಕಣ್ಣಿಗೆ ಬಂತು. ಗೊತ್ತಿರುವ ರುಚಿಯನ್ನು ಗುರುತು ಹಿಡಿದ ಮುಖ. ಹಾಸ್ಟೆಲಿನಲ್ಲಿ ಎಂದು, ಎಷ್ಟು ಸಲ, ಯಾರ ಜೊತೆ, ಸಾಲೇಹಾ ಕೇಳುವಂತಿರಲಿಲ್ಲ. ಈ ರುಚಿ ನಿನಗೆ ಎಲ್ಲಿ ಸಿಕ್ಕಿತು ಅಮ್ಮೀ ಎಂದು ಮಗಳೂ ಕೇಳುವಂತಿರಲಿಲ್ಲ. ಪಕ್ಕದಲ್ಲೇ ಕೂತಿದ್ದ ರವಿಶಂಕರನೂ ಆ ಮುಖ ನೋಡಿದ. ಮೊದಲು ಮಗಳನ್ನು, ಆಮೇಲೆ ತಾಯಿಯನ್ನು ನೋಡಿ, ನಿಧಾನವಾಗಿ ಪಲಾವು ಕಲಸತೊಡಗಿದ.

“ಹಂದಿ ರುಚಿ ಹೆಂಗಿರ್ತದ ಅಂತ ಈ ಮನ್ಯಾಗ ಯಾರಿಗರ ಗೊತ್ತದೇನ?” ವಾಹಿದ್ ಕಣ್ಣೀರು ಒರೆಸಿಕೊಳ್ಳುತ್ತ ಇನ್ನೂ ನಗುತ್ತಿದ್ದ. “ಹೇಳ ಸಾಲೇಹಾ, ನಿನಗ ಗೊತ್ತದೇನ? ಆಯತ್, ನಿನಗ?”

“No, Abba,” ಅಂದಳು ಆಯತ್.

“ನಮಗೆಲ್ಲಿಂದ ಗೊತ್ತಿರುತ್ತೆ,” ಎಂದು ಸಾಲೇಹಾ ಮಗಳ ತಟ್ಟೆಗೆ ಇನ್ನೊಂದು ಚೂರು ಹಾಕಿದಳು. ಆಯತ್ ತಲೆ ತಗ್ಗಿಸಿ ಅದನ್ನೂ ತಿಂದಳು.